ಗೇಟಿನವನ ಮೇಲೆ ಹನ್ನೊಂದು ಅಭಿಪ್ರಾಯ

ಜನ ಟಿ.ವಿ. ನೋಡುತ್ತಾರೆ. ಹಾಗೆ ನೋಡಿದವರನ್ನು ನೋಡಿಕೊಂಡು ಬರುವುದು ನನ್ನ ನೌಕರಿಯಾಗಿತ್ತು. ಇದನ್ನು ನನ್ನ ಅತ್ತೆಗೆ ಅರ್ಥ ಮಾಡಿಸಲು ಕೊನೆಯವರೆಗೂ ನನ್ನಿಂದ ಆಗಲಿಲ್ಲ. "ಟಿ.ವಿ. ಹ್ಯಾಂಗಿತ್ತು ಅಂತ ಮಂದಿ ಮನಿಗಿ ಹೋಗಿ ಕೇಳಾಕ ಪಗಾರ ಕೊಡ್ತಾರೇನ?" ಎಂದು ಮನೆಗೆ ಬಂದವರ ಎದುರೇ ಕೇಳುತ್ತಿದ್ದರು. ಕೊಡುತ್ತಿದ್ದರು. ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಊರೂರು ಅಲೆದು, ಧಾರಾವಾಹಿಗಳ ಬಗ್ಗೆ ಜನರ ಅಭಿಪ್ರಾಯವನ್ನು ಅಚ್ಚು ಹಾಕಿದ ಫಾರ್ಮಿನಲ್ಲಿ ಬರೆದುಕೊಂಡು ಗುಲ್ಬರ್ಗಾದ ಟಿ.ವಿ.ಯವರ ಆಫೀಸಿಗೆ ಮುಟ್ಟಿಸುವುದೇ ನನ್ನ ಕೆಲಸ.

ಈಚೆಗೆ ಇದೇ ಬಗೆಯ ಕೆಲಸಕ್ಕೆ ಸೇರಿದ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದಿದ್ದರು. ಅವರು ಕುಳಿತಲ್ಲಿಂದಲೇ ಫೋನಿನಲ್ಲಿ ಕೇಳುತ್ತಾರಂತೆ, ಉತ್ತರ ಒತ್ತಿದ ಕೂಡಲೇ ಬೆಂಗಳೂರು ಮುಟ್ಟುತ್ತದಂತೆ. ಒಳ್ಳೆಯದಾಯಿತು, ಚಪ್ಪಲಿ ಸವೆಯುವುದು ತಪ್ಪಿತು. ಆದರೆ ಫೋನಿನಲ್ಲಾಗಲಿ ಎದುರಾಗಲಿ, ಕೇಳುವವರು ಮಾಡುವ ತಪ್ಪು ಮಾತ್ರ ಬದಲಾಗುವುದಿಲ್ಲ. ಅದಕ್ಕಾಗಿ ಇಷ್ಟು ಬರೆದಿಡುತ್ತಿದ್ದೇನೆ.

ಆಗ ಕಾಲುವೆಗೆ ನೀರು ಬಿಟ್ಟ ಹೊಸತು. ಹಳ್ಳಿಗಳಿಗೆ ಕರೆಂಟಿನ ಕಂಬ, ಕಾಲುವೆ, ಟಿ.ವಿ. ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಕಾಲುವೆಯಿಂದ ಹೊಲಗಳಿಗೆ ಎಷ್ಟು ಉಪಕಾರವಾಯಿತೋ ನನಗೆ ಅಷ್ಟೇ ತೊಂದರೆಯಾಯಿತು. ಎದುರಿಗೆ ಮನೆಯ ಬಾಗಿಲು ಸಹ ಕಾಣುವಷ್ಟು ಹತ್ತಿರದ ಊರಿಗೆ ಹೋಗಲು ಸೇತುವೆ ಹುಡುಕಿಕೊಂಡು ಎರಡು ಮೈಲಿ ಸುತ್ತಬೇಕು. ರಾತ್ರಿ ಎಂಟಕ್ಕೆ ಧಾರಾವಾಹಿ ಬಂದರೆ ಮರುದಿನ ಊಟದ ಹೊತ್ತಿನೊಳಗೆ ಕೇಳಿ ಮುಗಿಸಬೇಕು. ಅದಕ್ಕಿಂತ ತಡವಾದರೆ ಜನ ಕಥೆ ಮರೆತು, ಅಕ್ಕಪಕ್ಕದವರು ಹೇಳಿದ್ದನ್ನೇ ತಮ್ಮದೆಂದು ಹೇಳುತ್ತಾರೆ.

ಮೊದಲ ತಿಂಗಳು ದೇವಾಪುರದಿಂದ ನಲವತ್ತು ಫಾರ್ಮು ತುಂಬಿಸಿಕೊಂಡು ಜಂಬದಿಂದ ಆಫೀಸಿಗೆ ಹೋದೆ. ನಲವತ್ತರಲ್ಲೂ ಒಂದೇ ಉತ್ತರ: "ಛಲೋ ಇತ್ತರಿ." ನಮ್ಮ ಮೇಲಧಿಕಾರಿ ವಾಸುದೇವರಾಯರು ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ತಿರುವಿ ಹಾಕಿದರು.

"ಗಿರಿಜಾಬಾಯಿ, ಎಷ್ಟು ಮನ್ಯಾಗ ಚಹಾ ಕುಡದ್ರಿ?" ಎಂದರು.

"ಎಲ್ಲಾ ಮನ್ಯಾಗೂ ಕೊಟ್ರು ಸರ್."

"ಅದ ನೋಡ್ರಿ. ಅವ್ರು ನಿಮಗ ಚಹಾ ಕೊಟ್ಟಾರ, ಅಭಿಪ್ರಾಯ ಕೊಟ್ಟಿಲ್ಲ. ಮನಿಗಿ ಬಂದ ಹೆಣ್ಮಗಳ ಮುಂದ ಯಾರ್ರೀ ಛಲೋ ಇರಲಿಲ್ಲ ಅಂತಾರ?"

ಅವರಿಂದ ಕಲಿತದ್ದು ಇದು: ಹೇಗಿತ್ತು ಎಂದು ಕೇಳಬಾರದು, ಏನಾಯಿತು ಎಂದು ಕೇಳಬೇಕು. ಕಥೆ ಹೇಳಿಸಬೇಕು. ಕಥೆ ಹೇಳುವಾಗ ಮನುಷ್ಯ ಎಲ್ಲಿ ಹುರುಪಾಗುತ್ತಾನೆ, ಎಲ್ಲಿ ಹಾರಿಸುತ್ತಾನೆ ಎಂಬುದೇ ಅವನ ಅಭಿಪ್ರಾಯ. ಇದು ತಿಳಿದ ಮೇಲೆ ನನ್ನ ಫಾರ್ಮುಗಳಿಗೆ ಜೀವ ಬಂತು.

ಆ ದಿನಗಳಲ್ಲಿ ವಾರಕ್ಕೊಮ್ಮೆ ಒಂದು ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಒಂದು ಕಂತಿಗೆ ಒಂದು ಕಥೆ, ಕೊನೆಯ ಹತ್ತು ನಿಮಿಷಕ್ಕೆ ಕಳ್ಳ ಸಿಗುತ್ತಿದ್ದ. ಇದರ ಬಗ್ಗೆ ಕೇಳುವುದೆಂದರೆ ನನಗೆ ಹಬ್ಬ. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನ ಕ್ವಾರ್ಟರ್ಸುಗಳಲ್ಲಿ ಸಾಹೇಬರ ಹೆಂಡತಿಯರು "ಅಂಥಾದ್ದೆಲ್ಲ ನಾವು ನೋಡೋದಿಲ್ಲ" ಎಂದು ಶುರು ಮಾಡಿ, ಕಳ್ಳನ ಅಂಗಿಯ ಬಣ್ಣ ಹೇಳಿ ಮುಗಿಸುತ್ತಿದ್ದರು. ಕೊಂಕಲ್‌ನ ಒಬ್ಬ ಮಾಸ್ತರರು ಪತ್ತೇದಾರನ ಕೋಟಿನ ಗುಂಡಿ ಎಣಿಸಿ, ಮೆಟ್ಟಿಲು ಹತ್ತುವಾಗ ಮೂರು, ಇಳಿಯುವಾಗ ನಾಲ್ಕು ಇದ್ದವೆಂದು ಬರೆಸಿದರು. ಬರೆದುಕೊಂಡೆ.

ಶಹಾಪುರದಲ್ಲಿ ಒಂದು ಮನೆಯಲ್ಲಿ ಯಜಮಾನರಿಗೆ ಕಥೆಯೇ ನೆನಪಿರಲಿಲ್ಲ. ಒಳಗಿನಿಂದ ಅವರ ಹೆಂಡತಿ, "ಬಾಗಲ ಹಿಂದ ಮೊದಲ ಒಬ್ಬಾಂವ ಕೆಮ್ಮಿದ್ದ ನೋಡ್ರಿ, ಅವನ ಮತ್ತ ದವಾಖಾನ್ಯಾಗ ಕೆಮ್ಮಿದ. ಆವಾಗ್ಲೇ ನನಗ ಗೊತ್ತಾತು ಇವನ ಕಳ್ಳ ಅಂತ" ಎಂದರು. ನನಗೆ ಆಶ್ಚರ್ಯವಾಯಿತು, ಏಕೆಂದರೆ ನಾನು ಕಣ್ಣು ಬಿಟ್ಟುಕೊಂಡು ನೋಡಿದ್ದರೂ ಆ ಕೆಮ್ಮು ಗಮನಕ್ಕೆ ಬಂದಿರಲಿಲ್ಲ. ನೀವು ಪೂರ್ತಿ ನೋಡಿದಿರಾ ಎಂದು ಕೇಳಿದೆ. "ಎಲ್ಲಿ ನೋಡ್ಲಿರಿ ಅಕ್ಕೋರ, ರೊಟ್ಟಿ ಬಡಿಯಾಕತ್ತಿದ್ದೆ. ಕೇಳೀನಿ ಅಷ್ಟ." ಫಾರ್ಮಿನಲ್ಲಿ ನೋಡಿದಿರಾ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕುವ ಎರಡೇ ಮನೆ. ಇಲ್ಲ ಎಂದವರ ಹತ್ತಿರ ಮಾತು ಅಲ್ಲಿಗೇ ನಿಲ್ಲಿಸಬೇಕು. ನಾನು ಅಂಚಿನಲ್ಲಿ "ಅಡುಗೆಮನೆಯಿಂದ ಕೇಳಿದ್ದಾರೆ, ಎಲ್ಲರಿಗಿಂತ ಮೊದಲು ಕಳ್ಳನನ್ನು ಹಿಡಿದಿದ್ದಾರೆ" ಎಂದು ಬರೆದೆ. ವಾಸುದೇವರಾಯರು ಅದನ್ನು ಓದಿ ಜೋರಾಗಿ ನಕ್ಕರು. ಮುಂದಿನ ಸಲ ಅಚ್ಚಾದ ಫಾರ್ಮಿನಲ್ಲಿ "ಕೇಳಿದ್ದೇನೆ" ಎಂಬ ಮೂರನೆಯ ಮನೆ ಬಂದಿತ್ತು.

ನಮಗೆ ಒಂದು ನಿಯಮವಿತ್ತು, ಅದನ್ನು ಮೀರುವಂತಿರಲಿಲ್ಲ. ನೋಡಿದವರನ್ನು ತಿದ್ದಬಾರದು. ಅವರು ಕಥೆಯನ್ನು ತಪ್ಪಾಗಿ ಹೇಳಿದರೂ ಹಾಗೇ ಬರೆದುಕೊಳ್ಳಬೇಕು. ನಾವು ಬಾಯಿ ಹಾಕಿದರೆ ಮುಂದಿನವರು ನಮ್ಮ ಮಾತನ್ನೇ ನಮಗೆ ತಿರುಗಿ ಕೊಡುತ್ತಾರೆ. ನಿಯಮ ಸರಿಯಾದದ್ದೇ. ಅದನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ, ಪಾಲಿಸುತ್ತೇನೆಂಬ ಹೆಮ್ಮೆಯೂ ಇತ್ತು. ಆ ಹೆಮ್ಮೆಯಿಂದಲೇ ಒಬ್ಬನ ಕೂಳಿಗೆ ಕಲ್ಲು ಹಾಕಿದೆ.

ಊರಿನ ಹೆಸರು ಬೇಡ. ಕಾಲುವೆಯ ಕವಲೊಂದು ಆ ಊರಿನ ಹತ್ತಿರ ಎರಡಾಗುತ್ತದೆ, ಅಲ್ಲಿ ಒಂದು ಕಬ್ಬಿಣದ ಗೇಟು. ಮೂರು ದಿನ ಈ ಊರಿಗೆ, ಮೂರು ದಿನ ಕೆಳಗಿನ ಊರಿಗೆ ನೀರು ಬಿಡಬೇಕು. ಗೇಟು ಏರಿಸಿ ಇಳಿಸಿ, ಗ್ರೀಸ್ ಹಚ್ಚಿ, ಬೀಗ ಹಾಕುವವನು ಅದೇ ಊರಿನ ಬೌದ್ಧರ ಓಣಿಯ ಮರೆಪ್ಪ. ದಿನಗೂಲಿಯವನು. ಕಾಲುವೆ ತೋಡುವಾಗಿನಿಂದ ಐದು ವರ್ಷ ದುಡಿದಿದ್ದರಿಂದ ಖಾಯಂ ಆಗುವವರ ಪಟ್ಟಿಗೆ ಅವನ ಹೆಸರು ಹೋಗಿತ್ತು. ಆ ತಿಂಗಳು ಯಾರೋ ಬೀಗ ಒಡೆದು, ಈ ಊರಿನ ಪಾಳಿಯ ದಿನವೇ ಕೆಳಗಿನ ಊರಿಗೆ ನೀರು ಹರಿಸಿದ್ದರು. ಊರಿನಲ್ಲಿ ಗುಲ್ಲೆದ್ದಿತ್ತು. ಯಾರು ಎಂದು ಗೊತ್ತಾಗಿರಲಿಲ್ಲ.

ಇದೇ ಹೊತ್ತಿಗೆ ಪತ್ತೇದಾರಿ ಧಾರಾವಾಹಿಯಲ್ಲಿ ಕಾಲುವೆಯ ಕಥೆ ಬರಬೇಕೆ? ಒಬ್ಬ ಎಂಜಿನಿಯರು ಕಾಲುವೆಯಲ್ಲಿ ಹೆಣವಾಗಿ ಸಿಗುತ್ತಾನೆ. ಗೇಟು ಕಾಯುವವನ ಅಂಗಿಯ ತೋಳಿನ ಮೇಲೆ ಗ್ರೀಸಿನ ಕಲೆ ಇರುತ್ತದೆ. ಅವನು ಉದ್ದನೆಯ ಬ್ಯಾಟರಿ ದೀಪ ಹಿಡಿದು ನಡೆಯುವಾಗ ಎರಡು ಸಲ ಹೊರಳಿ ನೋಡುತ್ತಾನೆ. ಪತ್ತೇದಾರ ಬಂದು ಅವನ ಮುಂಗೈ ಹಿಡಿಯುತ್ತಾನೆ. ಸರಿಯಾಗಿ ಅಲ್ಲಿಗೆ ಆ ಊರಿನಲ್ಲಿ ಕರೆಂಟು ಹೋಯಿತು, ಕಂತು ಮುಗಿದ ಮೇಲೆ ಬಂತು.

ನಮ್ಮ ಸುರಪುರದಲ್ಲಿ ಕರೆಂಟು ಹೋಗಲಿಲ್ಲ. ನಾನು ಕೊನೆಯ ಹತ್ತು ನಿಮಿಷ ನೋಡಿದೆ. ಗೇಟಿನವನದು ಏನೂ ತಪ್ಪಿರಲಿಲ್ಲ. ಕೊಂದವನು ಗುತ್ತೇದಾರ, ಗೂಟಕ್ಕೆ ತೂಗುಹಾಕಿದ್ದ ಗೇಟಿನವನ ಅಂಗಿಗೆ ಅವನು ಕೈ ಒರೆಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ನಾನು ಆ ಊರಿನ ಚಾವಡಿಗೆ ಹೋದೆ. ಪಂಚಾಯಿತಿಯ ಟಿ.ವಿ. ಅಲ್ಲೇ ಇತ್ತು. ಒಳಗೆ ಕುಳಿತು ನೋಡಿದವರು ಹನ್ನೊಂದು ಜನ ಸಿಕ್ಕರು. ಅಪರಾಧಿ ಯಾರು ಎಂಬ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ, ಗೇಟಿನವನು. ಫಾರ್ಮಿನಲ್ಲಿ ಮುಂದಿನ ಪ್ರಶ್ನೆ, ಈ ಕಥೆ ನಿಮ್ಮ ಊರಿನ ಯಾವುದಾದರೂ ಸಂಗತಿಯನ್ನು ನೆನಪಿಗೆ ತಂದಿತೇ ಎಂದು.

ಬಸಣ್ಣ ಎಂಬ ಹಿರಿಯರು ತೊಡೆ ತಟ್ಟಿಕೊಂಡು ಹೇಳಿದರು: "ತಂತಲ್ರಿ! ನಮ್ಮ ಮರೆಪ್ಪನೂ ಹಂಗ ಹೊಳ್ಳಿ ಹೊಳ್ಳಿ ನೋಡ್ಕೊಂತ ಹೋಗ್ತಾನ."

"ಅವನ ಅಂಗಿಗೂ ಗ್ರೀಸ್ ಇರ್ತದ ನೋಡ್ರಿ" ಎಂದರು ಇನ್ನೊಬ್ಬರು.

"ಬೀಗ ಅವನ ಒಡದಾನ. ಬರಕೋರಿ ಅಕ್ಕೋರ."

ಗೇಟಿಗೆ ಗ್ರೀಸ್ ಹಚ್ಚುವವನ ಅಂಗಿಗೆ ಗ್ರೀಸ್ ಇಲ್ಲದೆ ಕುಂಕುಮ ಇರುತ್ತದೆಯೇ? ಆ ಪ್ರಶ್ನೆ ನನ್ನ ತಲೆಗೆ ಬಂತು. ಕೇಳಲಿಲ್ಲ. ಹನ್ನೊಂದು ಜನ ಹೇಳಿದ್ದನ್ನು ಅವರವರ ಮಾತಿನಲ್ಲೇ, ಮರೆಪ್ಪನ ಹೆಸರಿನ ಸಮೇತ ಬರೆದುಕೊಂಡೆ. ಏಳುವ ಹೊತ್ತಿಗೆ ಬಸಣ್ಣ ಕೇಳಿದರು, "ಕಡೀಗಿ ಏನಾತ್ರಿ? ನಿಮ್ಮೂರಾಗ ಕರೆಂಟ್ ಇತ್ತಲ್ಲ?"

"ನಾವು ಹೇಳಂಗಿಲ್ಲರಿ ಯಜಮಾನ್ರ. ನೀವು ಹೇಳಿದ್ದು ಬರಕೊಳ್ಳೂದಷ್ಟ ನಮ್ಮ ಕೆಲಸ" ಎಂದೆ.

"ಅವನ ಇರ್ತಾನ ಬಿಡ್ರಿ" ಎಂದು ಅವರೇ ತೀರ್ಪು ಕೊಟ್ಟರು. ನಾನು ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ನಡೆದೆ.

ವಾಸುದೇವರಾಯರಿಗೆ ಆ ಹನ್ನೊಂದು ಫಾರ್ಮುಗಳು ಬಹಳ ಹಿಡಿಸಿದವು. ಒಂದು ಧಾರಾವಾಹಿ ಹಳ್ಳಿಯ ಜನರನ್ನು ತಮ್ಮ ಊರಿನ ಸಮಸ್ಯೆಯ ಬಗ್ಗೆ ಯೋಚಿಸುವಂತೆ ಮಾಡಿದೆ ಎಂದು ಒಂದು ವರದಿ ಬರೆದು ಮೇಲಿನವರಿಗೆ ಕಳಿಸಿದರು. ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು. ಆ ಖುಷಿಯಲ್ಲಿ, ಕಾಲುವೆಯವರಿಗೂ ಉಪಯೋಗವಾಗಲಿ ಎಂದು, ಫಾರ್ಮುಗಳ ನಕಲನ್ನು ಸೇರಿಸಿ ಗೇಟಿನ ಉಸ್ತುವಾರಿ ಇದ್ದ ಆಫೀಸಿಗೂ ಒಂದು ಪ್ರತಿ ಹಾಕಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಮನಸ್ಸಿನಲ್ಲೂ ಇರಲಿಲ್ಲ, ಆದರೆ ಅದರಿಂದ ಮರೆಪ್ಪನಿಗೆ ಆದ ಲಾಭ ಏನೂ ಇಲ್ಲ.

ಒಂದೂವರೆ ತಿಂಗಳಾಗಿರಬೇಕು. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಟಮಟ ಮಧ್ಯಾಹ್ನ ನಿಂತಿದ್ದೆ. ಒಬ್ಬ ಹೆಣ್ಣುಮಗಳು ನನ್ನನ್ನೇ ನೋಡುತ್ತಾ ಹತ್ತಿರ ಬಂದಳು.

"ನೀವ ಅಲ್ರಿ, ಚಾವಡಿಗಿ ಬಂದು ಬರಕೊಂಡ ಹೋದ ಅಕ್ಕೋರು?"

ಹೌದೆಂದೆ.

"ನಾ ಮರೆಪ್ಪನ ಹೆಂಡ್ತಿರಿ, ಶಾಂತಾಬಾಯಿ. ನನ್ನ ಗಂಡಗ ಕೆಲಸಕ್ಕ ಬರಬ್ಯಾಡ ಅಂದಾರ. ಖಾಯಂ ಮಾಡೂ ಪಟ್ಟಿಯಾಗಿನ ಹೆಸರೂ ಹೊಡದು ಹಾಕ್ಯಾರ. ಯಾಕ್ರಿ ಅಂತ ಕೇಳಿದ್ರ ಸಾಹೇಬ್ರು ಹಾಳಿ ತೋರ್ಸ್ಯಾರಂತ. ಹನ್ನೊಂದು ಮಂದಿ ಸಾಕ್ಷಿ ಬರದ ಕೊಟ್ಟಾರ ಅಂದ್ರಂತ."

"ಅದು ಸಾಕ್ಷಿ ಅಲ್ಲವ್ವಾ. ಟಿ.ವಿ. ಬಗ್ಗಿ ಬರದದ್ದು" ಎಂದೆ.

"ಟಿ.ವಿ. ಬಗ್ಗಿ ಬರದದ್ರಾಗ ನನ್ನ ಗಂಡನ ಹೆಸರು ಯಾಕ ಬಂತ್ರಿ?"

ಅವಳ ಬಸ್ಸು ಬಂತು, ಹೋದಳು. ನಾಚಿಕೆಯಿಂದ ನನಗೆ ಅಲ್ಲಿಯೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ರಜೆ ಹಾಕಿ ಆ ಊರಿಗೆ ಹೋದೆ. ಆಫೀಸಿನ ಅಪ್ಪಣೆ ಇರಲಿಲ್ಲ, ಅಚ್ಚು ಹಾಕಿದ ಫಾರ್ಮೂ ಇರಲಿಲ್ಲ. ಬಿಳಿ ಹಾಳೆಗೆ ನಡುವೆ ಗೆರೆ ಎಳೆದು, ಒಂದು ಕಡೆ "ಟಿ.ವಿ.ಯಲ್ಲಿ ನೋಡಿದ್ದು", ಇನ್ನೊಂದು ಕಡೆ "ಕಣ್ಣಾರೆ ನೋಡಿದ್ದು" ಎಂದು ಬರೆದುಕೊಂಡಿದ್ದೆ. ಈ ಸಲ ಚಾವಡಿಯಲ್ಲಿ ಗುಂಪು ಕೂಡಿಸಲಿಲ್ಲ. ಹನ್ನೊಂದು ಮನೆಗೆ ಬೇರೆ ಬೇರೆ ಹೋಗಿ, ಬೀಗ ಒಡೆದದ್ದು ಹೇಗೆ ಎಂದು ಕಥೆ ಹೇಳಿಸಿದೆ.

ಬಸಣ್ಣ ಹುರುಪಿನಿಂದ ಶುರು ಮಾಡಿದರು. "ಗೇಟ್ ಕಡಿ ಹೋದಾನ, ಎರಡು ಸಲ ಹೊಳ್ಳಿ ನೋಡ್ಯಾನ."

"ಇದನ್ನ ಎಲ್ಲಿ ನೋಡಿದ್ರಿ ಯಜಮಾನ್ರ?"

"ಟಿ.ವಿ.ಯಾಗ."

"ಮರೆಪ್ಪನ್ನ?"

ಬಸಣ್ಣ ಮೀಸೆ ಸವರಿದರು. "ಮರೆಪ್ಪನ್ನ ನಾ ನೋಡಿಲ್ಲರಿ. ಆದ್ರ ಹಂಗ ಮಾಡಿರ್ತಾನ."

ಇನ್ನೊಬ್ಬರು ಮರೆಪ್ಪನ ಕೈಯಲ್ಲಿ ಉದ್ದನೆಯ ಬ್ಯಾಟರಿ ಇತ್ತೆಂದು ಆಣೆ ಮಾಡಿದರು. ಅವನ ಹತ್ತಿರ ಬ್ಯಾಟರಿ ಇದೆಯೇ ಎಂದು ಕೇಳಿದರೆ, "ಅವನಿಗೆಲ್ಲಿಂದ ಬರಬೇಕ್ರಿ ಬ್ಯಾಟ್ರಿ" ಎಂದು ಅವರೇ ನಕ್ಕರು. ನಕ್ಕು ಮುಗಿಯುವಷ್ಟರಲ್ಲಿ ತಾವು ಹೇಳಿದ್ದು ಅವರಿಗೇ ತಿಳಿಯಿತು, ಬೇರೆ ಮಾತು ತೆಗೆದರು. ಸಂಜೆಯ ಹೊತ್ತಿಗೆ ನನ್ನ ಹತ್ತಿರ ಹನ್ನೊಂದು ಹಾಳೆಗಳಿದ್ದವು. ಮೊದಲ ಕಡೆ ಎಲ್ಲ ತುಂಬಿತ್ತು. ಕಣ್ಣಾರೆ ನೋಡಿದ್ದು ಎಂಬ ಕಡೆ ಹನ್ನೊಂದೂ ಖಾಲಿ. ಕಂತಿನ ಕೊನೆಯನ್ನು ಆಗಲೂ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಈ ಉತ್ತರಗಳನ್ನೂ ನಾನೇ ಹೇಳಿಸಿದೆ ಎಂದಾರು ಎಂಬ ಹೆದರಿಕೆಯಿತ್ತು.

ಹಾಳೆಗಳನ್ನು ಹಿಡಿದುಕೊಂಡು ಕಾಲುವೆಯವರ ಆಫೀಸಿಗೆ ಹೋದೆ. ಅಲ್ಲಿನ ಎಂಜಿನಿಯರು ಸಭ್ಯಸ್ಥರು. ಎಲ್ಲವನ್ನೂ ಓದಿ ಮೇಜಿನ ಮೇಲಿಟ್ಟರು.

"ಮೊದಲಿನವೂ ನೀವ ಬರದದ್ದು, ಇವೂ ನೀವ ಬರದದ್ದು. ಯಾವ್ದು ನಂಬ್ಲಿರಿ ಮೇಡಂ? ಅವು ನಿಮ್ಮ ಆಫೀಸಿನ ಪತ್ರದ ಜೋಡಿ ಬಂದಾವ. ಇವಕ್ಕೂ ಒಂದು ಪತ್ರ ತರ್ರಿ, ನೋಡೂಣು" ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಗುಲ್ಬರ್ಗಾಕ್ಕೆ ಹೋಗಿ ವಾಸುದೇವರಾಯರ ಎದುರು ಎಲ್ಲ ಹೇಳಿದೆ. ಅವರ ಮುಖ ಇಳಿದು ಹೋಯಿತು. "ನನ್ನ ವರದಿ ಮ್ಯಾಲ ಹೋಗ್ಯದಲ್ಲರಿ. ಶಾಬಾಸ್ ಅಂದಾರ. ಈಗ ತಪ್ಪಂತ ಹ್ಯಾಂಗ ಬರೀಲಿ?" ಎಂದರು. ಇವರು ಈಗ ಕೈ ಚೆಲ್ಲುತ್ತಾರೆ ಎಂದುಕೊಂಡೆ. ಆದರೆ ಅವರು ಕಾಗದ ಎಳೆದುಕೊಂಡು ನಾಲ್ಕು ಸಾಲು ಬರೆದರು. ಅದರಲ್ಲಿ ಒಂದು ಸಾಲು ನನಗೆ ಬಾಯಿಪಾಠ: ಇವು ಒಂದು ಕಥೆಯನ್ನು ನೋಡಿದವರ ಅಭಿಪ್ರಾಯಗಳು, ಯಾವ ಮನುಷ್ಯನ ಮೇಲೂ ಸಾಕ್ಷ್ಯವಲ್ಲ. ಪತ್ರವನ್ನು ಟಪಾಲಿಗೆ ಹಾಕಲಿಲ್ಲ. ಮರುದಿನ ನನ್ನ ಜೊತೆ ಬಸ್ಸಿನಲ್ಲಿ ಬಂದು, ಎಂಜಿನಿಯರ ಕೈಗೆ ಕೊಟ್ಟು, "ತಪ್ಪು ನಂದರಿ, ಗಿರಿಜಾಬಾಯಿಯವರದಲ್ಲ" ಎಂದರು. ಅವರಂಥ ಮೇಲಧಿಕಾರಿ ಸಿಕ್ಕರೆ ನಿಮ್ಮ ಪುಣ್ಯ. ಆದರೆ ತಪ್ಪು ನನ್ನದೂ ಆಗಿತ್ತು.

ಮರೆಪ್ಪನನ್ನು ಕೆಲಸಕ್ಕೆ ಮತ್ತೆ ತೆಗೆದುಕೊಂಡರು. ತನ್ನ ಊರಿನ ಗೇಟಿಗಲ್ಲ, ಹತ್ತು ಮೈಲಿ ದೂರದ ಇನ್ನೊಂದು ಗೇಟಿಗೆ. ಖಾಯಮಾತಿಯ ಪಟ್ಟಿಯಲ್ಲಿ ಹೆಸರು ಸೇರಿತು, ಎಲ್ಲರಿಗಿಂತ ಕೆಳಗೆ. ಅವನ ನಂತರ ಸೇರಿದವರು ಅವನಿಗಿಂತ ಮೊದಲು ಖಾಯಂ ಆದರು. ಬೀಗ ಒಡೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಆಫೀಸಿನಲ್ಲಿ ಅಂದಿನಿಂದ ಜನ ಯಾರದೇ ಹೆಸರು ಹೇಳಿದರೂ ಫಾರ್ಮಿನಲ್ಲಿ ಬರೆಯುವುದು ನಿಂತಿತು, ಫಾರ್ಮು ಹೊರಗೆ ಹೋಗುವುದೂ ನಿಂತಿತು.

ಇಷ್ಟೆಲ್ಲ ಆದರೂ ನಾನು ಮರೆಪ್ಪನನ್ನು ಒಮ್ಮೆಯೂ ಕಂಡಿರಲಿಲ್ಲ. ಒಂದು ಭಾನುವಾರ ಅವನ ಮನೆಗೆ ಹೋದೆ. ಬುದ್ಧನ ಚಿತ್ರದ ಕ್ಯಾಲೆಂಡರಿನ ಕೆಳಗೆ ಗೋಡೆಗೊರಗಿ ಕುಳಿತಿದ್ದವನು ಎದ್ದು ಚಾಪೆ ಹಾಸಿದ. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಶಾಂತಾಬಾಯಿ ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತಳು. ತಪ್ಪಾಯಿತು ಎಂದೆ. ಅವನು "ಇರಲಿ ಬಿಡ್ರಿ" ಎಂದ. ಕೊನೆಗೆ ನನಗೆ ಬರುವ ಕೆಲಸ ಅದೊಂದೇ ಆದ್ದರಿಂದ, ಚೀಲದಿಂದ ಒಂದು ಫಾರ್ಮು ತೆಗೆದೆ.

"ಆ ದಿನದ ಕಾಲುವಿ ಕಥಿ ನೀವೂ ನೋಡಿದ್ರೇನು?" ಎಂದು ಕೇಳಿದೆ.

"ನೋಡಿದ್ನಿರಿ. ಚಾವಡಿ ಕಿಟಕ್ಯಾಗಿಂದ. ನಮ್ಮ ಓಣಿಯವ್ರು ಹೊರಗ ನಿಂತ ನೋಡ್ತೀವಿ."

ಒಳಗೆ ಕುಳಿತವರನ್ನಷ್ಟೇ ಕೇಳಬೇಕೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ. ಹಾಗೆ ಮಾಡಿದವಳು ನಾನೇ. ಕಿಟಕಿಯ ಹೊರಗೆ ನಿಂತವರೂ ನೋಡುವವರೇ ಎಂದು ಅಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

"ಎಲ್ಲೀ ತನ ನೋಡಿದ್ರಿ?"

"ಗೇಟಿನವನ ಅಂಗಿ ಮ್ಯಾಲ ಗ್ರೀಸ್ ತೋರ್ಸಿದ್ರು ನೋಡ್ರಿ, ಅಲ್ಲೀ ತನ. ಆವಾಗ ಒಳಗಿದ್ದವ್ರೆಲ್ಲಾ ಟಿ.ವಿ. ನೋಡೂದು ಬಿಟ್ಟು ಹೊಳ್ಳಿ ನನ್ನ ನೋಡಾಕತ್ರು. ನಾ ಮನಿಗಿ ಬಂದೆ."

ಬರೆದುಕೊಂಡೆ. ಅಪರಾಧಿ ಯಾರೆಂದು ನಿಮಗೆ ಅನ್ನಿಸಿತು ಎಂಬ ಪ್ರಶ್ನೆಯ ಜಾಗವನ್ನು ಖಾಲಿ ಬಿಟ್ಟೆ. ಮರೆಪ್ಪನೇ ಕೇಳಿದ.

"ಕಡೀಗಿ ಯಾರಂತ್ರಿ ಅಕ್ಕೋರ ಅದರಾಗ? ಗೇಟಿನವನ ಏನು?"

"ಅಲ್ಲರಿ. ಗುತ್ತೇದಾರ. ಗೇಟಿನವಂದು ಏನೂ ತಪ್ಪಿರಲಿಲ್ಲ" ಎಂದೆ.

ಮರೆಪ್ಪ ತಲೆಯಾಡಿಸಿ ತನ್ನ ಅಂಗೈ ನೋಡಿಕೊಂಡ. ಬಾಗಿಲ ಹತ್ತಿರ ನಿಂತಿದ್ದ ಶಾಂತಾಬಾಯಿ ಕೇಳಿದಳು, "ಅವತ್ತ ಚಾವಡ್ಯಾಗ ಕುಂತಾಗ ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತು" ಎಂದೆ.

ಫಾರ್ಮಿನ ಕೊನೆಯಲ್ಲಿ ಸಂದರ್ಶಕರ ಸಹಿಗೆ ಒಂದು ಗೆರೆಯಷ್ಟು ಜಾಗ ಇರುತ್ತದೆ. ಅವರಿಬ್ಬರೂ ನೋಡುತ್ತಿದ್ದಂತೆ ಅಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಆ ಫಾರ್ಮಿನಲ್ಲಿ ನಾನು ಬರೆದ ಹೆಸರು ಅದೊಂದೇ.